ಅವಳು ಹೇಳದೆ ಹೋದ ಹೆಸರು

ತಂಡ ಸೋತು ಸೋತು ಪಟ್ಟಿಯ ತಳ ಮುಟ್ಟಿದ ಮೇಲೆ, ಒಂದು ಬುಧವಾರ ಕ್ಲಬ್ಬಿನವರು ಮ್ಯಾನೇಜರನ್ನು ಮನೆಗೆ ಕಳುಹಿಸಿದರು. ಫುಟ್‌ಬಾಲ್ ತಂಡಕ್ಕೆ ಆಟ ಕಲಿಸುವವನು, ಯಾರು ಆಡಬೇಕು ಯಾರು ಹೊರಗೆ ಕೂರಬೇಕು ಎಂದು ಗೊತ್ತುಮಾಡುವವನು, ಅವನೇ ಮ್ಯಾನೇಜರ್. ಗೆದ್ದರೆ ಆಟಗಾರರಿಗೆ ಹಾರ, ಸೋತರೆ ಇವನ ತಲೆದಂಡ. ಆದರೂ ಆ ಕುರ್ಚಿಗೆ ಉಮೇದುವಾರರಿಗೇನೂ ಬರವಿಲ್ಲ, ಅವರ ಪರವಾಗಿ ವಾದಿಸುವವರಿಗಂತೂ ಬರವೇ ಇಲ್ಲ.

"ಯಜಮಾನರೇ! ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು! ಹೋದ, ಆಸಾಮಿ ಹೋದ!" ಎಂದು ಕ್ಷೌರದಂಗಡಿಯವನು ಎದುರು ಸಾಲಿನಿಂದಲೇ ಕೂಗಿದ.

ಪುಸ್ತಕ ಕಟ್ಟುವ ಬೈಂಡರು ಗೋಂದಿನ ಕುಂಚ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಯಾರು ಹೋದ್ರು?" ಎಂದು ಗಾಬರಿಯಿಂದ ಕೇಳಿದರು. ಆ ಮನೆಯಲ್ಲಿ ಈಚೆಗೆ ಆ ಮಾತಿಗೆ ಒಂದೇ ಅರ್ಥವಿತ್ತು.

"ಮ್ಯಾನೇಜರು! ಇವನು ಬೇಸಿಗೆ ಕಾಣಲ್ಲ ಅಂತ ನೀವೇ ಹೇಳಿರ್ಲಿಲ್ವಾ? ಹಾಗೇ ಆಯ್ತು ನೋಡಿ. ಶನಿವಾರ ತಪ್ಪಿಸ್ಬೇಡಿ. ಮುಂದೆ ಯಾರು ಅಂತ ನಿಮ್ಮ ಬಾಯಿಂದ್ಲೇ ಕೇಳ್ಬೇಕು."

"ಹ್ಞೂ" ಎಂದು ಬೈಂಡರು ಒಳಗೆ ಬಂದರು. ಬಂದು ಕೂತ ಮೇಲೆ ಅವರಿಗೆ ದಿಗಿಲಾಯಿತು. ಬೇಸಿಗೆ ಕಾಣಲ್ಲ ಎಂಬ ಮಾತು ಅವರದಾಗಿರಲಿಲ್ಲ. ಅದು ಅವರ ಹೆಂಡತಿ ಹೇಳಿದ್ದು.

ಹರಿದ ಪುಸ್ತಕ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸವನ್ನು ಇಬ್ಬರೂ ಸೇರಿ ಆಯುಷ್ಯವಿಡೀ ಮಾಡಿದ್ದರು. ಮಡಿಸಿದ ಹಾಳೆಗಳನ್ನು ಜೋಡಿಸಿ ಬೆನ್ನಿನಲ್ಲಿ ಹೊಲಿಯುವುದು ಅವಳ ಪಾಲು. ಗೋಂದು ಬಳಿಯುವುದು, ರಟ್ಟು ಕೊಯ್ಯುವುದು, ಪ್ರೆಸ್ಸಿಗೆ ಹಾಕಿ ಬಿಗಿಯುವುದು ಇವರ ಪಾಲು. ಅವಳಿಗೆ ಕಿಟಕಿಯ ಬೆಳಕು ಬೇಕು. ಇವರ ಪ್ರೆಸ್ಸು ಒಳಗೋಡೆಗೆ ಸೇರಿಸಿ ನಿಲ್ಲಿಸಿದ್ದು. ಹೀಗಾಗಿ ದಿನವಿಡೀ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿರುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ರೇಡಿಯೋ. ಪಂದ್ಯವಿದ್ದ ದಿನ ಅವಳು ಹೊಲಿಯುತ್ತ ಕೇಳುವಳು, ಕೇಳುತ್ತ ಮಾತಾಡುವಳು.

"ರೀ, ಕೇಳಿದ್ರಾ? ಮತ್ತೆ ಆ ಉದ್ದನೆಯವನನ್ನ ಬಲಗಡೆಗೆ ಹಾಕಿದಾರೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ."

"ಹ್ಞೂ."

"ಸೋತಿದ್ದಕ್ಕೆ ಮೈದಾನ ಸರಿಯಿಲ್ಲ ಅಂತಾನಂತೆ ಆ ಮ್ಯಾನೇಜರು. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲು."

"ಹ್ಞೂ."

ಬೈಂಡರಿಗೆ ಆ ಆಟದ ಗಂಧಗಾಳಿಯೂ ಇರಲಿಲ್ಲ. ಅವಳಿಗೆ ಪ್ರೀತಿ, ಇರಲಿ ಪಾಪ, ಎಂದು ಸುಮ್ಮನಿದ್ದರು. ಆ ಗದ್ದಲದಲ್ಲಿ ರಟ್ಟಿನ ಅಳತೆ ತಪ್ಪಿದ್ದೂ ಉಂಟು. ಆದರೂ ಒಂದು ದಿನವೂ ನಿಲ್ಲಿಸು ಅನ್ನಲಿಲ್ಲ. ದೇವರ ಮುಂದೆ ಕೂತಾಗ ಇದನ್ನು ತಮ್ಮ ಒಳ್ಳೆಯತನಗಳಲ್ಲಿ ಒಂದೆಂದು ಮನಸ್ಸಿನಲ್ಲೇ ಎಣಿಸಿಕೊಂಡದ್ದೂ ಉಂಟು.

ಚಳಿಗಾಲದಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಬೈಂಡರು ದೇವರನ್ನು ದೂರಲಿಲ್ಲ. ಕೊಟ್ಟವನೇ ತೆಗೆದುಕೊಂಡ, ಅವನ ವಸ್ತು, ಅಂದರು. ಪ್ರಾರ್ಥನೆಯನ್ನೂ ಬಿಡಲಿಲ್ಲ. ಆದರೆ ಪ್ರಾರ್ಥನೆ ಮುಗಿದ ಮೇಲೆ ಮನೆ ತುಂಬ ನಿಲ್ಲುತ್ತಿದ್ದ ನಿಶ್ಶಬ್ದವಿತ್ತಲ್ಲ, ಅದನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಹೊಲಿಗೆಯನ್ನೂ ಈಗ ತಾವೇ ಮಾಡುತ್ತಿದ್ದರು. ದಾರ ಬಿಗಿಯಾಗಿಬಿಡುತ್ತಿತ್ತು. ಅವರು ಹೊಲಿದ ಪುಸ್ತಕ ಅಂಗೈಯಲ್ಲಿ ಅಗಲವಾಗಿ ಬಿಚ್ಚಿಕೊಳ್ಳದೆ ಮುನಿಸಿಕೊಂಡವರ ಹಾಗೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಹಾಗಿರುವಾಗ ಒಂದು ಶನಿವಾರ ತಲೆಕೂದಲು ಹೆಚ್ಚಾಯಿತೆಂದು ಎದುರಂಗಡಿಗೆ ಹೋದರು. ಅಲ್ಲಿ ಅದೇ ಕ್ಲಬ್ಬಿನ ಮಾತು ನಡೆದಿತ್ತು. ಉದ್ದನೆಯವನು, ಬಲಗಡೆ, ಎಂದೆಲ್ಲ ಕಿವಿಗೆ ಬಿದ್ದಾಗ ಬೈಂಡರ ಬಾಯಿಂದ ತಾನಾಗಿಯೇ ಹೊರಟಿತು: "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ."

ಅಂಗಡಿ ಘೊಳ್ಳೆಂದು ನಕ್ಕಿತು. "ಹೇಳಿದ್ರೆ ಹಾಗೆ ಹೇಳ್ಬೇಕು!" ಎಂದರು. ಆ ಮಾತನ್ನು ಒಬ್ಬರಿಂದ ಒಬ್ಬರು ಇಸಿದುಕೊಂಡು ಆಡಿದರು. ಬೈಂಡರಿಗೆ ಅವಳೇ ಎದ್ದು ಬಂದು ಆ ನಾಲ್ಕು ಜನರ ನಡುವೆ ಓಡಾಡಿದ ಹಾಗಾಯಿತು. ಮುಂದಿನ ಶನಿವಾರ ಕೂದಲು ಬೆಳೆಯದಿದ್ದರೂ ಹೋದರು. ಪ್ರತಿ ವಾರ ಅವಳದೊಂದು ಮಾತು ತೆಗೆದುಕೊಂಡು ಹೋಗುವರು, ಸಮಯ ನೋಡಿ ಬಿಡುವರು. ಬೈಂಡರು ಮಾತಾಡುವುದು ಕಡಿಮೆ, ಆದರೆ ಆಡಿದರೆ ತೂಕ ಎಂದು ಹೆಸರಾಯಿತು.

ಆದರೆ ಹೋದವರ ಮಾತು ಬುತ್ತಿಯಿದ್ದ ಹಾಗೆ. ಎಷ್ಟು ಜೋಪಾನವಾಗಿ ಉಂಡರೂ ಒಂದು ದಿನ ಕೈಗೆ ತಳ ಸಿಗುತ್ತದೆ.

ಈ ಮ್ಯಾನೇಜರ್ ಬೇಸಿಗೆ ಕಾಣುವುದಿಲ್ಲವೆಂದು ಅವಳು ಹೇಳಿದ್ದು ನೆನಪಿತ್ತು. ಅವನ ಜಾಗಕ್ಕೆ ಯಾರು ಎಂದು ಹೇಳಿದ್ದಳೆ? ಹೇಳದೆಯೇ ಹೋದಳೆ? ಅಥವಾ ಹೇಳಿದಾಗ ತಾವು ರಟ್ಟಿನ ಮೇಲೆ ಗೆರೆ ಎಳೆಯುತ್ತ, ಕಿವಿಗೆ ಹಾಕಿಕೊಳ್ಳದೆ, ಹ್ಞೂ ಅಂದುಬಿಟ್ಟಿದ್ದರೆ? ಮೂರನೆಯ ಯೋಚನೆ ಮುಳ್ಳಿನಂತೆ ಒಳಗೇ ಮುರಿದುಕೊಂಡು ಕೂತಿತು.

ಗುರುವಾರ ಅವರು ರೇಡಿಯೋ ಹಾಕಿದರು. ಅವಳು ಹೋದಮೇಲೆ ಅದನ್ನು ಮುಟ್ಟಿರಲಿಲ್ಲ. ಅದರಲ್ಲೂ ಅದೇ ಚರ್ಚೆ; ಇವನು ಬರಬಹುದು, ಅವನು ಬರಬಹುದು. ಒಂದೊಂದು ಹೆಸರು ಬಂದಾಗಲೂ ಬೈಂಡರು ಕುಂಚ ಕೆಳಗಿಟ್ಟು, ಪ್ರೆಸ್ಸಿಗೆ ಮುಖ ಮಾಡಿಕೊಂಡೇ, ಬೆನ್ನ ಹಿಂದಕ್ಕೆ ಕಿವಿಗೊಟ್ಟು ಕಾದರು. ಯಾವುದಾದರೊಂದು ಹೆಸರಿನ ಬೆನ್ನಿಗೆ ಅವಳ 'ರೀ' ಎದ್ದೀತು ಎಂಬ ಆಸೆ. ಶುಕ್ರವಾರವೂ ಹಾಗೇ ಮಾಡಿದರು. ಹೆಸರುಗಳು ಬಂದವು, ಹೋದವು. ಹಿಂದೆ ಕಿಟಕಿಯ ಕಡೆಯಿಂದ ಉಸಿರಿಲ್ಲ. ಸಂಜೆ ದೇವರ ಮುಂದೆ ಕೂತು, ನಾಚಿಕೆ ಬಿಟ್ಟು ಕೇಳಿಕೊಂಡರು: ಸ್ವಾಮೀ, ಬೇರೇನೂ ಬೇಡ, ಅವಳದೊಂದು ಮಾತು ನೆನಪಿಗೆ ತಂದುಕೊಡು. ಫುಟ್‌ಬಾಲಿನ ವಿಷಯಕ್ಕೆ ದೇವರಿಗೆ ತೊಂದರೆ ಕೊಟ್ಟೆನಲ್ಲ ಎಂದು ಆಮೇಲೆ ಸಂಕೋಚವೂ ಆಯಿತು.

ಆ ಅಂಗಡಿಗೆ ಒಂದು ಕಟ್ಟಳೆಯಿತ್ತು. ಕ್ಲಬ್ಬಿಗೆ ಮ್ಯಾನೇಜರ್ ಇಲ್ಲದಾದಾಗ, ತಿರುಗುವ ಕುರ್ಚಿ ಹತ್ತಿದವನು ತನ್ನ ಕಡೆಯ ಉಮೇದುವಾರನನ್ನು ಹೇಳಬೇಕು. ಒಬ್ಬ ಹೇಳಿದ ಹೆಸರನ್ನು ಇನ್ನೊಬ್ಬ ಹೇಳಬಾರದು. ಕತ್ತಿನ ಹತ್ತಿರ ಕತ್ತಿಯಿರುವಷ್ಟು ಹೊತ್ತು ಅವನ ಮಾತಿಗೆ ಯಾರೂ ಅಡ್ಡ ಬರಬಾರದು. ಕುರ್ಚಿಯಲ್ಲಿದ್ದವನು ಕನ್ನಡಿ ನೋಡಿಕೊಂಡು ಮಾತಾಡುವನು, ಹಿಂದೆ ಬೆಂಚಿನ ಮೇಲಿದ್ದವರು ಕನ್ನಡಿಯೊಳಗಿನ ಅವನಿಗೆ ಉತ್ತರ ಕೊಡುವರು. ಇಷ್ಟು ವರ್ಷದಲ್ಲಿ ಆ ಕುರ್ಚಿಯಿಂದ ಒಂದು ಸಲವೂ ಸರಿಯಾದ ಹೆಸರು ಬಂದಿರಲಿಲ್ಲ. ಅದರಿಂದ ಯಾರ ಧೈರ್ಯವೂ ಕುಗ್ಗಿರಲಿಲ್ಲ.

ಶನಿವಾರ ಬೈಂಡರು ಹೋದಾಗ ಮೇಷ್ಟ್ರು ಕುರ್ಚಿಯಲ್ಲಿದ್ದರು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಬೆಂಚಿನ ಮೇಲೆ ಬಸ್ ಡ್ರೈವರು, ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ.

"ಬಿಳಿಗಡ್ಡದವನೇ ಸರಿ" ಎಂದು ಮೇಷ್ಟ್ರು ಕನ್ನಡಿಗೆ ಹೇಳಿದರು. "ಅನುಭವಸ್ಥ. ಎಷ್ಟು ಕ್ಲಬ್ಬು ನೋಡಿದಾನೆ!"

ಕತ್ತಿ ಕೆಳಗಿಳಿಯುವುದನ್ನೇ ಕಾಯುತ್ತಿದ್ದ ಡ್ರೈವರು ಬಾಯಿ ಹಾಕಿದ. "ನೋಡಿದಾನೆ ಸಾರ್, ಯಾವುದನ್ನೂ ಉಳಿಸಿಲ್ಲ. ಅವನು ಕಾಲಿಟ್ಟ ಕಡೆಯೆಲ್ಲ ತಂಡ ಕೆಳಗಿನ ದರ್ಜೆಗೆ ಹೋಗಿದೆ. ನೀವು ಫೇಲಾದ ಹುಡುಗನನ್ನೇ ಕರೆದು ಟ್ಯೂಷನ್ ಹೇಳು ಅಂತಿದೀರಿ."

"ನಿಂದು ಯಾರಪ್ಪಾ ಹಾಗಾದ್ರೆ?"

"ಹಳೇ ಕ್ಯಾಪ್ಟನ್! ಕಾಲು ಮುರ್ಕೊಂಡಿದ್ದು ಈ ಮೈದಾನದಲ್ಲೇ. ಈಗ ಯಾವುದೋ ಸಣ್ಣ ತಂಡಕ್ಕೆ ಕಲಿಸ್ತಿದಾನೆ. ಮನೆಮಗನನ್ನ ಬಿಟ್ಟು ದಾರೀಲಿ ಹೋಗೋರನ್ನ ಕರೀತಾರಾ?"

"ನಂದು ಆ ಕಪ್ಪು ಕೋಟಿನವನು" ಎಂದ ಕ್ಷೌರದಂಗಡಿಯವನು. "ಅವನ ಕ್ರಾಪು ನೋಡಿದೀರಾ? ಕಿವಿ ಹಿಂದೆ ಒಂದು ಎಳೆ ಹೆಚ್ಚಿಲ್ಲ. ತಲೆ ಇಷ್ಟು ಶಿಸ್ತಾಗಿಟ್ಕೊಂಡೋನು ತಂಡನ ಹಾಳು ಮಾಡ್ತಾನಾ?"

"ಮೇಷ್ಟ್ರೇ ಇಳೀರಿ" ಎಂದ ಡ್ರೈವರು ನಗುತ್ತ. "ಈಗ ದೊಡ್ಡವರ ಸರದಿ. ಬನ್ನಿ ಅಣ್ಣಾ, ಹತ್ತಿ."

ಬೈಂಡರು ಕುರ್ಚಿ ಹತ್ತಿದರು. ಕ್ಷೌರದಂಗಡಿಯವನು ಬಿಳಿ ಬಟ್ಟೆ ಹೊದಿಸಿ, ಕತ್ತಿನ ಹಿಂದೆ ಗಂಟು ಹಾಕಿ, ಕತ್ತರಿ ಎತ್ತಿಕೊಂಡ. ಕನ್ನಡಿಯಲ್ಲಿ ಎರಡು ಮುಖಗಳು ಇವರ ಬಾಯನ್ನೇ ನೋಡುತ್ತಿದ್ದವು. ಏನಾದರೊಂದು ಹೆಸರು ಹೇಳಿದರೆ ಮುಗಿಯುತ್ತಿತ್ತು. ರೇಡಿಯೋದಲ್ಲಿ ಬೇಕಾದಷ್ಟು ಕೇಳಿದ್ದರು. ಆದರೆ ತಮ್ಮ ಬಾಯಿಂದ ಬಂದದ್ದನ್ನು ಅವಳ ಮಾತುಗಳ ಸಾಲಿಗೆ ಸೇರಿಸಲು ಅವರಿಗೆ ನಾಲಿಗೆ ಏಳಲಿಲ್ಲ.

"ನನ್ನ ಹತ್ರ ಹೆಸರಿಲ್ಲ" ಎಂದರು. "ಇಷ್ಟು ದಿನ ಹೇಳಿದ್ದೂ ನಂದಲ್ಲ. ನಮ್ಮ ಮನೆಯವಳು ಹೇಳ್ತಿದ್ದ ಮಾತು ತಂದು ಇಲ್ಲಿ ಹೇಳ್ತಿದ್ದೆ. ಈ ಒಂದು ವಿಷಯ ಅವಳು ಹೇಳದೆ ಹೋದ್ಲು."

ಕತ್ತರಿ ನಿಂತಿತು. "ಅಮ್ಮಾವ್ರ ಮಾತಾ?" ಎಂದು ಕ್ಷೌರದಂಗಡಿಯವನು ಮೆಲ್ಲಗೆ ಕೇಳಿದ. ಅವಳು ತೀರಿಕೊಂಡದ್ದು ಅವನಿಗೂ ಮೇಷ್ಟ್ರಿಗೂ ಗೊತ್ತಿತ್ತು. ಡ್ರೈವರು ಬೇರೆ ಕಡೆಯವನು. ಮೂಲೆಯ ಬಸ್ ನಿಲ್ದಾಣದಲ್ಲಿ ಪಾಳಿ ಮುಗಿಸಿ ಬರುವವನು.

"ಅಣ್ಣಾ" ಎಂದ ಅವನು, "ನಿಮ್ಮ ಮನೆಯವರು... ಪುಸ್ತಕದ ಗಂಟು ಮಡಿಲಲ್ಲಿಟ್ಕೊಂಡು ನನ್ನ ಹಿಂದಿನ ಸೀಟಲ್ಲೇ ಕೂರ್ತಿದ್ರಲ್ಲ? ಲೈಬ್ರರಿ ಹತ್ರ ಇಳಿಯೋರು? ಅವರಾ?"

"ಅವಳೇ. ಕಟ್ಟಿದ ಪುಸ್ತಕ ಕೊಟ್ಟುಬರೋಕೆ ಹೋಗ್ತಿದ್ಲು."

"ಅಯ್ಯೋ ದೇವರೇ. ಆ ಅಕ್ಕ ಹೋಗ್ಬಿಟ್ರಾ! ಬೇರೆ ಬಸ್ಸಿಗೆ ಹೋಗ್ತಿರ್ಬೇಕು ಅಂದ್ಕೊಂಡಿದ್ದೆ."

ಬೈಂಡರ ಕೈ ಬಟ್ಟೆಯ ಕೆಳಗೆ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಅವಳ ಮಾತು ಇನ್ನೊಬ್ಬರ ಹತ್ತಿರ ಉಳಿದಿರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. "ನಿನ್ನ ಹತ್ರ ಏನಾದ್ರೂ ಹೇಳಿದ್ಲೇನಪ್ಪಾ? ಮುಂದೆ ಯಾರು ಬರ್ಬೇಕು ಅಂತ?"

ಡ್ರೈವರು ತಲೆ ಕೆರೆದುಕೊಂಡ. "ಅಕ್ಕ ಹೇಳೋರಲ್ಲ ಅಣ್ಣ, ಕೇಳೋರು. ಹತ್ತಿ ಕೂತಕೂಡ್ಲೇ ಶುರು. ಯಾಕಪ್ಪಾ ಸೋತ್ರು, ಆ ಉದ್ದನೆಯವನನ್ನ ಯಾಕೆ ಬಲಗಡೆಗೆ ಹಾಕಿದ್ರು, ಮ್ಯಾನೇಜರು ಏನಂತೆ. ಈ ಮ್ಯಾನೇಜರು ಬೇಸಿಗೆ ಕಾಣಲ್ಲ ಅಕ್ಕಾ ಅಂತ ಅಂದೋನು ನಾನು! ನೀವು ಇಲ್ಲಿ ಅದನ್ನೇ ಹೇಳಿದಾಗ, ಪರವಾಗಿಲ್ವೇ, ದೊಡ್ಡವರಿಗೂ ನನ್ನಂಗೇ ಅನ್ಸುತ್ತೆ ಅಂತ ಒಳಗೊಳಗೇ ಬೀಗಿದ್ದೆ. ಗಾದೆಗಳು ಮಾತ್ರ ಅಕ್ಕಂದೇ ಇರ್ಬೇಕು. ನನಗೆ ಗಾದೆ ಬರಲ್ಲ."

ಮೇಷ್ಟ್ರು ನಗಲು ಹೋಗಿ ಬೈಂಡರ ಮುಖ ನೋಡಿದರು.

"ನಾನು ಹೇಳಿದ್ದನ್ನ ಬಾಯಲ್ಲೇ ಎರಡು ಸಲ ಹೇಳ್ಕೊಂಡು ಗಟ್ಟಿ ಮಾಡ್ಕೊಳ್ಳೋರು" ಎಂದು ಡ್ರೈವರು ಮುಂದುವರಿಸಿದ. "ಒಂದ್ಸಲ ಕೇಳೇಬಿಟ್ಟೆ, ಅಕ್ಕಾ, ನಿಮಗೆ ಈ ಆಟ ಅಂದ್ರೆ ಇಷ್ಟು ಹುಚ್ಚಾ ಅಂತ. ನಕ್ಬಿಟ್ರು. 'ನಂಗೆಲ್ಲಿ ಹುಚ್ಚಪ್ಪಾ, ನಮ್ಮ ಮನೆಯವರಿಗೆ' ಅಂದ್ರು. 'ಮದುವೆಯಾದ ಹೊಸದರಲ್ಲಿ ಏನು ಮಾತಾಡಿದ್ರೂ ಸುಮ್ನೆ ಇರೋರು. ಒಂದಿನ ರೇಡಿಯೋದಲ್ಲಿ ಪಂದ್ಯ ಬರ್ತಿತ್ತು, ಯಾರೋ ಗೋಲು ಹೊಡೆದ್ರು ಅಂದೆ, ಹ್ಞೂ ಅಂದ್ರು. ಅವತ್ತು ನಾನು ಹಿಡ್ಕೊಂಡಿದ್ದು, ಇವತ್ತಿಗೂ ಬಿಟ್ಟಿಲ್ಲ' ಅಂದ್ರು."

ಬೈಂಡರು ಕನ್ನಡಿ ನೋಡುತ್ತ ಕೂತರು. ಅವಳ ಪ್ರೀತಿಗೆಂದು ತಾವು ಸಹಿಸಿಕೊಂಡಿದ್ದರು. ತಮ್ಮ ಪ್ರೀತಿಗೆಂದು ಅವಳು ಬಸ್ಸಿನಲ್ಲಿ ಕಂಡವರನ್ನು ಕೇಳಿ ಕಲಿತುಕೊಂಡು ಬಂದಿದ್ದಳು. ನಡುವೆ ಆ ಕ್ಲಬ್ಬು, ಅವರಿಬ್ಬರಲ್ಲಿ ಯಾರಿಗೂ ಬೇಡದ ಕ್ಲಬ್ಬು, ವರ್ಷಗಟ್ಟಲೆ ಸೋಲುತ್ತಲೇ ಬಂದಿತ್ತು. ಒಂದು ಸಲ ತಿರುಗಿ, ನಿನಗೆ ಇದು ಯಾಕಿಷ್ಟು ಪ್ರೀತಿ ಎಂದು ಕೇಳಿದ್ದರೆ ಸಾಕಾಗಿತ್ತು. ದೇವರ ಮುಂದೆ ಎಣಿಸಿಕೊಂಡಿದ್ದ ಆ ಒಳ್ಳೆಯತನ ನೆನಪಾಗಿ ಅವರ ಮುಖ ಬಿಸಿಯಾಯಿತು. ಗಾದೆಗಳಷ್ಟೇ ಅವಳವು. ಅವನ್ನೂ ತಿರುಗಿ ನೋಡದೆಯೇ ಕೇಳಿದ್ದರು. ಗಾದೆ ಹೇಳುವಾಗ ಅವಳು ನಗುತ್ತಿದ್ದಳೋ, ದಣಿದಿದ್ದಳೋ, ಅವರಿಗೆ ತಿಳಿಯದು.

"ಯಜಮಾನರೇ" ಎಂದ ಕ್ಷೌರದಂಗಡಿಯವನು, "ಇವತ್ತು ಬಿಡಿ. ಹೆಸರು ಹೇಳ್ಬೇಕು ಅಂತೇನಿಲ್ಲ."

"ಸ್ವಲ್ಪ ಈ ಕುರ್ಚಿ ತಿರುಗಿಸಪ್ಪಾ" ಎಂದರು ಬೈಂಡರು.

"ಯಾವ ಕಡೆಗೆ?"

"ಬೆಂಚಿನ ಕಡೆಗೆ."

ಕ್ಷೌರದಂಗಡಿಯವನು ಕಾಲಲ್ಲಿ ಒತ್ತಿ ಕುರ್ಚಿ ತಿರುಗಿಸಿದ. ಅರ್ಧ ಕತ್ತರಿಸಿದ ತಲೆ, ಗಂಟಲ ತನಕ ಬಿಳಿ ಬಟ್ಟೆ. ಬೈಂಡರು ಡ್ರೈವರಿಗೆ ಎದುರಾಗಿ ಕೂತರು. ಅವನು ಮುಜುಗರದಿಂದ ಅಂಗಿಯ ಗುಂಡಿ ಹಾಕಿಕೊಂಡ.

"ನೀನು ಹೇಳು" ಎಂದರು ಬೈಂಡರು. "ಆ ಹಳೇ ಕ್ಯಾಪ್ಟನ್ನೇ ಯಾಕೆ ಬರ್ಬೇಕು?"

"ಅಣ್ಣಾ, ನಿಮಗೆ ಇದೆಲ್ಲ..."

"ನನಗೆ ಏನೂ ಗೊತ್ತಿಲ್ಲ. ಅದಕ್ಕೇ ಕೇಳ್ತಿದೀನಿ. ಯಾಕೆ ಅವನೇ?"

ಡ್ರೈವರು ಮೊದಲು ತಡವರಿಸಿದ. ಆಮೇಲೆ ಎರಡೂ ಕೈ ಎತ್ತಿ ಗಾಳಿಯಲ್ಲಿ ಮೈದಾನ ಬರೆದ. ಹಿಂದೆ ನಿಲ್ಲುವವರು ಯಾಕೆ ಹಿಂದೆಯೇ ಉಳಿದರು, ಮುಂದಿನವರಿಗೆ ಚೆಂಡು ಯಾಕೆ ಮುಟ್ಟುತ್ತಿಲ್ಲ, ಹಳೇ ಕ್ಯಾಪ್ಟನ್ ತನ್ನ ಸಣ್ಣ ತಂಡದಲ್ಲಿ ಇದನ್ನು ಹೇಗೆ ಸರಿಮಾಡಿದ, ಎಲ್ಲ ಹೇಳಿದ. ಬೈಂಡರು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದರು. ಮೇಷ್ಟ್ರು ಸುಮ್ಮನಿರಲಾರದೆ ಬಿಳಿಗಡ್ಡದವನನ್ನು ಮತ್ತೆ ಎಳೆದು ತಂದರು, ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತ ಕಪ್ಪು ಕೋಟಿನವನನ್ನು ಹೊಗಳಿದ, ಅಂಗಡಿ ಎಂದಿನ ಹಾಗೆ ಗದ್ದಲಕ್ಕೆ ಬಂತು.

ಡ್ರೈವರು ಹೇಳಿದ್ದನ್ನು ಬೈಂಡರು ತುಟಿ ಆಡಿಸಿ ಎರಡೆರಡು ಸಲ ಹೇಳಿಕೊಂಡು ಗಟ್ಟಿ ಮಾಡಿಕೊಂಡರು. ಮನೆಗೆ ಒಯ್ದು ಹೇಳಲು ಅಲ್ಲಿ ಯಾರೂ ಇಲ್ಲವೆಂಬುದನ್ನು ಮರೆತಿದ್ದರೆಂದಲ್ಲ.