ನೂರಸಾಬನ ಕಿವಿ

ಆ ವರ್ಷದ ಶ್ರಾವಣದಲ್ಲಿ ಯಲಬುರ್ಗಾದ ಪುರಾಣ ಗುಡಿಯ ಮುಂದೆ ಬಹಳ ದಿನ ನಡೆಯಲಿಲ್ಲ. ಚಪ್ಪರ ಎರಡನೆಯ ದಿನಕ್ಕೇ ಸೋರತೊಡಗಿತು. ಪುರಾಣ ಹೇಳುವ ಸ್ವಾಮಿಗಳ ತಲೆಯ ಮೇಲೇ ನೀರು ತಟಕುವುದನ್ನು ನೋಡಲಾರದೆ ಕರಿಬಸಪ್ಪ ಸಾಹುಕಾರರು ತಮ್ಮ ಅರಳೆ ಗೋದಾಮು ಬಿಟ್ಟುಕೊಟ್ಟರು. ಕೊಟ್ಟದ್ದೇನೋ ದೊಡ್ಡ ಮನಸ್ಸೇ, ಆದರೆ ಅದೆಂಥ ಜಾಗ ಅಂತೀರಿ! ಸುತ್ತ ಬರಿಗಲ್ಲಿನ ಗೋಡೆ, ಮೇಲೆ ತಗಡು. ಒಬ್ಬ ಕೆಮ್ಮಿದರೆ ಊರೇ ಕೆಮ್ಮಿದ ಹಾಗೆ ಕೇಳುತ್ತಿತ್ತು. ಯುದ್ಧದ ಕಾಲ, ಸೀಮೆಎಣ್ಣೆಗೆ ಬರ, ಹಾಗಾಗಿ ಪುರಾಣ ಹಗಲಿನಲ್ಲೇ. ಅಂಥ ಗೋದಾಮಿನಲ್ಲಿ ಸ್ವಾಮಿಗಳ ಮಾತನ್ನು ಕಟ್ಟಕಡೆಗೆ ಕೂತ ಮುದುಕಿಗೂ ತಿಳಿಯುವಂತೆ ಮುಟ್ಟಿಸುವುದು ಲೌಡ್‌ಸ್ಪೀಕರಿನ ನೂರಸಾಬನ ಕೆಲಸವಾಗಿತ್ತು.

ಗಂಗಾವತಿಯಲ್ಲಿ ಮುಚ್ಚಿಹೋದ ಒಂದು ಟೆಂಟ್ ಸಿನೆಮಾದಿಂದ ಬಂದ ಸೆಟ್ಟು ಅವನದು. ಬ್ಯಾಟರಿಯ ಮೇಲೆ ನಡೆಯುವ ಸೆಟ್ಟು ಹಳೆಯದು, ಆದರೆ ಕಿವಿ ಅಂದರೆ ಕಿವಿ. ಯಾವುದೇ ಜಾಗಕ್ಕೆ ಹೋದರೂ ಮೊದಲು ನಡುವೆ ನಿಂತು ಒಂದು ಚಪ್ಪಾಳೆ ತಟ್ಟುತ್ತಿದ್ದ. ಕಣ್ಣು ಮುಚ್ಚಿ ಆ ಸಪ್ಪಳ ಎಲ್ಲಿ ಬಡಿದು ಹೇಗೆ ತಿರುಗಿ ಬರುತ್ತದೆಂದು ಕೇಳಿಸಿಕೊಂಡು, ಈ ಗೋಡೆಗೆ ಕೌದಿ ಇಳಿಬಿಡಿ, ಆ ಭೋಂಗಾದ ತುತ್ತೂರಿ ಬಾಯಿ ಮೂಲೆಗೆ ತಿರುವಿ ಎಂದು ಹೇಳುತ್ತಿದ್ದ. ಹೇಳಿದ ಹಾಗೆ ಮಾಡಿದರೆ ದನಿ ತಿಳಿನೀರಾಗುತ್ತಿತ್ತು. ಕೊಪ್ಪಳದಿಂದ ಕುಷ್ಟಗಿಯವರೆಗೆ ಅವನಿಗೆ ಹೆಸರಿತ್ತು.

ಹೆಸರು ಉಳಿದಿತ್ತು, ಕಿವಿ ಉಳಿದಿರಲಿಲ್ಲ. ಅದು ಗೊತ್ತಿದ್ದದ್ದು ಅವನ ಹೆಂಡತಿ ಹಮೀದಾಬಿ ಒಬ್ಬಳಿಗೇ. ಹಿಂದಿನ ಚಳಿಗಾಲ ಮಲೇರಿಯಾ ಹಿಡಿದು, ಹಿಡಿಗಟ್ಟಲೆ ಕ್ವಿನೈನ್ ಗುಳಿಗೆ ನುಂಗಿ ಎದ್ದವನಿಗೆ ಗಂಡಸರ ದಪ್ಪ ದನಿ ಕೇಳುತ್ತಿತ್ತು. ಸಣ್ಣ ದನಿಯೆಲ್ಲ ಹಾರಿಹೋಗಿತ್ತು. ಕೋಳಿಮರಿಗಳು ಕಾಲ ಬಳಿ ಚಿಂವ್‌ಗುಟ್ಟಿದರೂ ಅವನು ತುಳಿದೇಬಿಡುತ್ತಿದ್ದ. ಒಂದು ದಿನ ಹಮೀದಾಬಿ ಬೇಕೆಂದೇ ಅವನ ಬೆನ್ನ ಹಿಂದೆ ಹಿತ್ತಾಳೆಯ ಚಮಚ ಬೀಳಿಸಿದಳು. ಅವನು ನಿಧಾನಕ್ಕೆ ಬೀಡಿ ಹಚ್ಚಿಕೊಂಡ. ಅವಳು ಚಮಚ ಎತ್ತಿಕೊಂಡು ಒಳಗೆ ಹೋದಳು.

ಹೇಳಿಬಿಡಬಾರದಿತ್ತೇ ಅಂತ ನೀವು ಕೇಳಬಹುದು. ಹೇಗೆ ಹೇಳುವುದು? ಚೆನ್ನಾಗಿದ್ದ ಕಾಲದಲ್ಲಿ ಅವನೇ ಅವಳ ಮುಂದೆ ಅಂದಿದ್ದ, ಕಿವಿ ಹೋದ ದಿನ ನಾನೂ ಹೋದೆ ಅಂತ ತಿಳಿದುಕೋ ಎಂದು. ಅವಳು ಕೊಪ್ಪಳದ ಹಕೀಮರ ಹತ್ತಿರ ಒಬ್ಬಳೇ ಹೋಗಿ, ಬೇರೆ ಯಾರದೋ ಬೇನೆ ಎಂಬಂತೆ ವಿಚಾರಿಸಿ ಬಂದಳು. ಹೋದ ಕಿವಿ ತಿರುಗಿ ಬರುವುದಿಲ್ಲ ಎಂದು ಅವರು ಸೀದಾ ಹೇಳಿ ಕಳಿಸಿದ್ದರು.

ಆಮೇಲೆ ಒಂದು ದಿನ ಅವನೇ ಅಂದ, "ಮುಂದ ಕುಂತವಗ ಹಿಂದಿನ ಮೂಲ್ಯಾಗ ಹ್ಯಾಂಗ ಕೇಳತೈತಿ ಗೊತ್ತಾಗೂದಿಲ್ಲ. ನೀ ಹೆಣ್ಮಕ್ಕಳ ಕಡೆ ಹಿಂದ ಕುಂತು ನನಗ ಸನ್ನಿ ಮಾಡು."

ಅವಳು ಅದನ್ನೇ ಕಾಯುತ್ತಿದ್ದವಳ ಹಾಗೆ ಒಪ್ಪಿದಳು. ಸೆರಗಿನ ಅಂಚು ಬಾಯಿಗೆ ಇಟ್ಟರೆ ದನಿ ಚುಚ್ಚುತ್ತಿದೆ, ಇಳಿಸು ಎಂದು ಅರ್ಥ. ಗದ್ದಕ್ಕೆ ಕೈ ಹಚ್ಚಿದರೆ ಮಬ್ಬಾಗಿದೆ, ಏರಿಸು. ಕೈ ಮಡಿಲಲ್ಲಿದ್ದರೆ ಎಲ್ಲ ಸರಿ. ಯಾರು ಯಾರನ್ನು ನಂಬಿಸುತ್ತಿದ್ದರೋ ಆ ಅಲ್ಲಾನೇ ಬಲ್ಲ. ಹಾಗೂ ಹೀಗೂ ಎರಡು ಮದುವೆ, ಒಂದು ಉರುಸು ದಾಟಿದವು.

ಗೋದಾಮಿನಲ್ಲಿ ಮಾತ್ರ ಸಿಕ್ಕಿಬಿದ್ದರು. ಅವನು ಎಂದಿನಂತೆ ಚಪ್ಪಾಳೆ ತಟ್ಟಿ ಕಣ್ಣು ಮುಚ್ಚಿದ. ಕಲ್ಲಿನಿಂದ ತಗಡಿಗೆ, ತಗಡಿನಿಂದ ಕಲ್ಲಿಗೆ ಆ ಸಪ್ಪಳ ಸಾಯುವ ಮಾತೇ ಇಲ್ಲ. ಅವನು ಕಣ್ಣು ತೆರೆದು, ಜಾಗ ಛಲೋ ಐತಿ, ಏನೂ ಕಟ್ಟುವುದು ಬೇಡ ಅಂದ. ಅವಳು ಮೂಲೆಗೆ ಹೋಗಿ ಕೂತು ಸನ್ನೆ ಮಾಡಿದಳು, ಆದರೆ ಆ ಮೊಳಗು ಸೆಟ್ಟಿನ ಗುಂಡಿ ತಿರುವಿದರೆ ಹೋಗುವಂಥದ್ದಲ್ಲ. ಆ ದಿನ ಸ್ವಾಮಿಗಳ ಪುರಾಣ ಬರೀ ಗೊಂದಲವಾಗಿ ಒಬ್ಬರಿಗೂ ತಿಳಿಯಲಿಲ್ಲ. ನೂರಸಾಬ ತಗಡಿನ ಮೇಲೆ ತಪ್ಪು ಹೊರಿಸಿದ. ಸಾಹುಕಾರರು ಎಲ್ಲರೆದುರೇ ನಕ್ಕು, "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಅಂದರು. ಹೀಗೇ ಆದರೆ ತೊಟ್ಟಿಲ ದಿನಕ್ಕೆ ಗದಗಿನಿಂದ ಬೇರೆ ಸೆಟ್ಟು ತರಿಸುತ್ತೇನೆ ಎಂದೂ ಸೇರಿಸಿದರು. ಪುರಾಣದಲ್ಲಿ ಶರಣರು ಹುಟ್ಟುವ ದಿನವೇ ತೊಟ್ಟಿಲ ದಿನ; ಸುತ್ತಣ ಹಳ್ಳಿಗಳೆಲ್ಲ ಬಂದು ಸೇರುತ್ತವೆ. ಅಂದು ಬೇರೆಯವರ ಭೋಂಗಾ ಕೂಗಿತೆಂದರೆ ಈ ಸೀಮೆಯಲ್ಲಿ ನೂರಸಾಬನ ಕಥೆ ಮುಗಿದಂತೆಯೇ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಹಮೀದಾಬಿ, ಅವನಿಗೆ ತನ್ನ ತುಟಿ ಕಾಣುವಂತೆ ತಿರುಗಿ ಕೂತು, "ತಗಡಿನ ಮನಿಗೆ ಮ್ಯಾಲ ಕೌದಿ ಕಟ್ಟಬೇಕು, ಹಿಂದಿನ ಗ್ವಾಡಿಗೆ ಅರಳಿ ಅಂಡಿಗಿ ಒಟ್ಟಬೇಕು ಅಂತ ಹಿಂದಕ ನೀವ ಹೇಳಿದ್ರಲ್ರಿ" ಅಂದಳು. ಅವನು ಎಂದೂ ಹಾಗೆ ಹೇಳಿರಲಿಲ್ಲ. ಆದರೂ, ಹೌದು ಮರೆತಿದ್ದೆ ಎಂದು ತಲೆ ಕೊಡವಿ ಎದ್ದ. ಮನೆಮನೆಯಿಂದ ಕೌದಿ ಬಂದವು, ಆಳುಗಳು ಅರಳೆ ತುಂಬಿದ ಅಂಡಿಗೆಗಳನ್ನು ಒಟ್ಟಿದರು. ಅವಳು ಮೂಲೆಯಿಂದ ಸೆರಗು, ಗದ್ದ, ಸೆರಗು ಮಾಡುತ್ತಲೇ ಇದ್ದಳು, ಅವನು ಗುಂಡಿ ತಿರುವುತ್ತಲೇ ಇದ್ದ. ಕಡೆಗೆ ದನಿ ತಿಳಿಯಾಗಿ ನಿಂತಿತು. ಸ್ವಾಮಿಗಳು ಉಸಿರು ಎಳೆದುಕೊಂಡದ್ದು ಸಹ ಕಟ್ಟಕಡೆಗೆ ಕೇಳಿಸಿತು. ನೂರಸಾಬ ಅಂದರೆ ನೂರಸಾಬ ನೋಡ್ರಿ ಎಂದು ಜನ ಹೊಗಳಿದರು, ಗದಗಿನ ಸೆಟ್ಟಿನ ಮಾತು ಅಲ್ಲಿಗೇ ನಿಂತಿತು. ಅವನು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಹಮೀದಾಬಿ ಒಲೆಯ ಮುಂದೆ ಕೂತು ಅತ್ತಳು. ಗೆದ್ದ ದಿನ ಅಳುವುದೇನು ಹುಚ್ಚು ಅಂತೀರೇನೋ. ಇನ್ನು ಎಷ್ಟು ಊರು, ಎಷ್ಟು ತಗಡು, ಎಷ್ಟು ದಿನ ತಾನು ಅವನ ಕಿವಿಯಾಗಿ ಕೂರಲಿ ಎಂದು ಅವಳಿಗೆ ದಿಕ್ಕು ತೋಚಲಿಲ್ಲ.

ತೊಟ್ಟಿಲ ದಿನ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸ್ವಾಮಿಗಳು ಶರಣರ ಜನನ ಹೇಳಿ ಮುಗಿಸುತ್ತಲೇ, ಭೋಂಗಾದ ಕೆಳಗೇ ಕಟ್ಟಿದ್ದ ತೊಟ್ಟಿಲಲ್ಲಿ ಶರಣರ ಬದಲಿಗೆ ಊರಿನ ಬಾಣಂತಿ ಪಾರ್ವತೆಮ್ಮನ ಎಳೆಗೂಸನ್ನು ಮಲಗಿಸಿದರು. ತೊಟ್ಟಿಲ ಹಾಡು ಹೇಳುವ ಮುದುಕಮ್ಮ ಮುಂದಾದಳು, ಹೆಂಗಸರೆಲ್ಲ ಒಮ್ಮೆಲೇ ಎದ್ದು ನಿಂತರು. ಹಾಡು ಎಲ್ಲರಿಗೂ ಕೇಳಲಿ ಎಂದು ಯಾರೋ ಮೈಕನ್ನು ಎತ್ತಿ ತೊಟ್ಟಿಲ ಬಳಿಗೇ ತಂದಿಟ್ಟರು. ಹಮೀದಾಬಿಯ ಮುಂದೆ ಬೆನ್ನುಗಳ ಗೋಡೆ ಎದ್ದಿತು. ಅವಳು ತುದಿಗಾಲ ಮೇಲೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು, ಆದರೆ ಅದನ್ನು ಅವನು ನೋಡುವುದಾದರೂ ಹೇಗೆ?

ಸಂದಿಯಿಂದ ಅವನು ಅವಳಿಗೆ ಕಾಣುತ್ತಿದ್ದ. ಹೆಂಗಸರ ಬಾಯಿ ಆಡುವುದು ಅವನಿಗೆ ಕಂಡಿತು, ಹಾಡು ಕೇಳಲಿಲ್ಲ. ದನಿ ಏಳುತ್ತಿಲ್ಲ ಎಂದುಕೊಂಡ. ಮೂಲೆಯ ಕಡೆ ಅವಳನ್ನು ಹುಡುಕಿದ, ಸಿಗಲಿಲ್ಲ. ಬೇರೆ ದಾರಿಯಿಲ್ಲದೆ ಗುಂಡಿಗಳನ್ನು ಕಡೆಯವರೆಗೆ ತಿರುವಿಬಿಟ್ಟ.

ಮೈಕಿನ ದನಿ ಭೋಂಗಾಕ್ಕೆ, ಭೋಂಗಾದ ದನಿ ಮತ್ತೆ ಮೈಕಿಗೆ ಹೊಕ್ಕು ಒಂದು ಕೀರಲು ಎದ್ದಿತು. ಕಿವಿಗೆ ದಬ್ಬಣ ಹೊಗಿಸಿದಂತಾಗಿ ಮುದುಕಮ್ಮ ಹಾಡು ಬಿಟ್ಟು ಕೂತೇಬಿಟ್ಟಳು. ಕೂಸು ಕಿರುಚಿತು, ಪಾರ್ವತೆಮ್ಮ ಅದನ್ನು ಎದೆಗೆ ಅವಚಿಕೊಂಡು ಓಡಿದಳು. ನೂರಸಾಬ ಗುಂಡಿಯ ಮೇಲೆ ಕೈಯಿಟ್ಟು, ಈಗ ಸರಿಯಾಯಿತು ಎಂಬಂತೆ ಸಣ್ಣಗೆ ನಗುತ್ತ ಕೂತಿದ್ದ.

ಹಮೀದಾಬಿ ಹೆಂಗಸರನ್ನು ನೂಕಿಕೊಂಡು ಹೊರಟಳು. ಅಷ್ಟರಲ್ಲಿ ಅವನು ತಲೆ ಎತ್ತಿ ನೋಡಿದ. ಇಡೀ ಗೋದಾಮು ಕಿವಿ ಮುಚ್ಚಿಕೊಂಡು ಅವನ ಕಡೆಗೇ ತಿರುಗಿತ್ತು. ಅವನ ನಗೆ ನಿಂತಿತು. ಒಂದು ಗಳಿಗೆ ಏನೂ ತಿಳಿಯದೆ ಎಲ್ಲರ ಕೈಗಳನ್ನು ನೋಡಿದ. ಆಮೇಲೆ, ಗುಂಡಿಯನ್ನು ಇಳಿಸಬೇಕಾದ ಕೈಯನ್ನು ಅಲ್ಲಿಂದ ತೆಗೆದು, ಎಲ್ಲರಂತೆ ತಾನೂ ಎರಡೂ ಕಿವಿ ಮುಚ್ಚಿಕೊಂಡ.

ಕೀರಲು ಹಾಗೇ ಕೂಗುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಸಾಹುಕಾರರು ಬೈಯಲು ತೆರೆದ ಬಾಯಿಯನ್ನು ಹಾಗೇ ಬಿಟ್ಟು ನಿಂತರು, ಅವರಿಗೆ ತಿಳಿಯಿತು. ಎಲ್ಲರಿಗೂ ತಿಳಿಯಿತು.

ಹಮೀದಾಬಿ ಗಂಡಸರ ನಡುವೆಯೇ ಹಾಯ್ದು ಬಂದು ಗುಂಡಿ ತಿರುವಿದಳು. ಗೋದಾಮು ಸ್ತಬ್ಧವಾಯಿತು. ನೂರಸಾಬ ಕಿವಿಯ ಮೇಲಿನ ಕೈ ತೆಗೆಯದೆ ಅವಳ ತುಟಿಯನ್ನೇ ನೋಡುತ್ತ ಕೇಳಿದ:

"ನಿಂತಿತೇನ?"