ಸಿಮೆಂಟಿನಲ್ಲಿ ನಿಂತ ಮೇಜು

ಪ್ರೀತಿಕಾಳಿಗೆ ಮೇಜು ಇರಲಿಲ್ಲ.

ಬಿ.ಕಾಂ. ಡಿಗ್ರಿ ಇತ್ತು, ಸರ್ಕಾರಿ ಕೆಲಸದ ಪರೀಕ್ಷೆಗೆ ಅರ್ಜಿ ಹಾಕಿ ಆಗಿತ್ತು, ಪುಸ್ತಕಗಳಿದ್ದವು. ಅವುಗಳನ್ನು ಬಿಡಿಸಿಡಲು ಜಾಗ ಮಾತ್ರ ಇರಲಿಲ್ಲ. ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಒಂದು ಅಡುಗೆಗೆ, ಇನ್ನೊಂದು ಉಳಿದದ್ದಕ್ಕೆಲ್ಲ. ಅಮ್ಮ ಪಂಕಜಾಕ್ಷಿ ಗೋಡೆಗೊರಗಿ ಕೂತು ಬೀಡಿ ಕಟ್ಟುತ್ತಿದ್ದಳು. ಎದುರಿಗೆ ಟಿವಿ. ಧಾರಾವಾಹಿಯ ಸದ್ದಿಲ್ಲದೆ ಅವಳ ಬೆರಳು ಓಡುತ್ತಿರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು ಓದಿದರೆ ಭಾರತದ ಸಂವಿಧಾನದ ಹಾಳೆಗಳ ನಡುವೆ ಹೊಗೆಸೊಪ್ಪಿನ ಪುಡಿ ಸೇರುತ್ತಿತ್ತು.

ಹಾಗಾಗಿ ಅವಳು ಲೈಬ್ರರಿಗೆ ಹೋಗುತ್ತಿದ್ದಳು.

ಪುತ್ತೂರು ಪೇಟೆ ಮುಗಿದು, ಬಸ್ಸು ಕುಂಬ್ರದ ಕಡೆಗೆ ವೇಗ ಹಿಡಿಯುವಲ್ಲಿ ಕೆಂಪುಗುಡ್ಡೆ ಲೇಔಟ್ ಇದೆ. ಗುಡ್ಡವನ್ನು ಜೆಸಿಬಿಯಿಂದ ಕಡಿದು ಸೈಟು ಮಾಡಿದ್ದರಿಂದ ಹೆಸರು ಮಾತ್ರ ಉಳಿದಿದೆ. ಅಲ್ಲಿ ಹಾಲಿನ ಸೊಸೈಟಿಯ ಪಕ್ಕದ ಕೋಣೆಯೇ ಲೈಬ್ರರಿ. ಮೂರು ಕಪಾಟು, ದಿನಪತ್ರಿಕೆ, ಕೆಲವು ಪ್ಲಾಸ್ಟಿಕ್ ಕುರ್ಚಿ, ಮತ್ತೆ ಆ ಮೇಜು. ಹಲಸಿನ ಮರದ್ದು, ಒಬ್ಬ ಮನುಷ್ಯ ಉದ್ದಕ್ಕೆ ಮಲಗಬಹುದಾದಷ್ಟು ದೊಡ್ಡದು. ಅದರ ಕಿಟಕಿ ಬದಿಯ ಮೂಲೆ ಪ್ರೀತಿಕಾಳದ್ದು. ಮೇ ತಿಂಗಳ ಕೊನೆಗೆ ಪರೀಕ್ಷೆ. ಇದು ಎರಡನೆಯ ಪ್ರಯತ್ನ. ಮೊದಲನೆಯದರಲ್ಲಿ ಯಾಕೆ ಹೋಯಿತು ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು: ಓದಿರಲಿಲ್ಲ.

ಏಪ್ರಿಲ್ ಬಂದದ್ದೇ ಮೇಜು ಮಾಯವಾಯಿತು.

ಊರಿನಲ್ಲಿ ಮದುವೆ, ಮದರಂಗಿ, ಗೃಹಪ್ರವೇಶಗಳು ಶುರುವಾಗಿದ್ದವು. ಶಾಮಿಯಾನದವರು ಎಷ್ಟು ಮೇಜು ಇಳಿಸಿದರೂ ಪ್ರತಿ ಮನೆಯಲ್ಲೂ ಒಂದು ಕಡಿಮೆ ಬೀಳುತ್ತಿತ್ತು. ಬಾಡಿಗೆಯ ಮೇಜಿನ ಕಾಲು ಅಲ್ಲಾಡುತ್ತದೆ. ಲೈಬ್ರರಿಯದ್ದರ ಮೇಲೆ ಬಿರಿಯಾನಿಯ ದೊಡ್ಡ ಪಾತ್ರೆ ಇಟ್ಟರೂ, ಸಾಂಬಾರಿನ ಹಂಡೆ ಇಟ್ಟರೂ ಕಿರ್ರೆನ್ನುವುದಿಲ್ಲ. ಹೀಗೆ ಅದು ಊರಿಗೆಲ್ಲ ಬಡಿಸಿಕೊಂಡು ತಿರುಗುತ್ತಿತ್ತು. ಕುರ್ಚಿಗಳು ಅದರ ಬಾಲದ ಹಾಗೆ ಹಿಂದೆ ಹೋಗುತ್ತಿದ್ದವು.

ಲೈಬ್ರರಿ ನೋಡಿಕೊಳ್ಳುವ ಆದಂ ಕುಂಞಿ ಕಪಾಟಿಗೆ ಒರಗಿ ನಿಂತೇ ಪೇಪರ್ ಓದುತ್ತಿದ್ದರು.

"ಮೇಜು ಎಲ್ಲಿ?" ಎಂದಳು ಪ್ರೀತಿಕಾ.

"ಹೋಗಿದೆ. ಬರ್ತದೆ."

"ಯಾವಾಗ?"

"ಊಟ ಆದ ಮೇಲೆ."

"ಯಾರ ಊಟ?"

ಅವರು ಪೇಪರ್ ಮಡಚಿದರು. "ಮೊನ್ನೆ ಶಾಂತಕ್ಕನ ಮನೆಯದ್ದು. ಅಲ್ಲಿಂದ ಭಜನಾ ಮಂದಿರಕ್ಕೆ ತಗೊಂಡು ಹೋದ್ರಂತೆ. ಈಗ ಎಲ್ಲಿ ಉಂಟೋ ನಂಗೂ ಗೊತ್ತಿಲ್ಲ ಮಾರಾಯ್ತಿ."

"ನೀವು ಕೊಡುದಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ವಾ?"

"ಹೇಗೆ ಹೇಳುದು? ಎಲ್ಲರೂ ಬೇಕಾದವರೇ."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಆದಂ ಕುಂಞಿಗೆ ಇಡೀ ಕೆಂಪುಗುಡ್ಡೆ ಬೇಕಾಗಿತ್ತು. ಪ್ರೀತಿಕಾಳಿಗೆ ಬೇಕಾದದ್ದು ಒಂದು ಮೂಲೆ.

ಅವಳು ಕಿಟಕಿ ಕಟ್ಟೆಯ ಮೇಲೆ ಪುಸ್ತಕ ಇಟ್ಟು ನಿಂತು ಓದಿದಳು. ಸೊಂಟ ಹಿಡಿಯಿತು. ನೆಲದಲ್ಲಿ ಕೂತಳು, ನೋಟ್ಸ್ ಬರೆಯಲಾಗಲಿಲ್ಲ. ಇನ್ನೊಂದು ವಾರ ಕಾದಳು. ಮೇಜು ಒಂದು ಮನೆಯಿಂದ ಇನ್ನೊಂದಕ್ಕೆ ಹೋಯಿತೇ ಹೊರತು ಲೈಬ್ರರಿಯ ಕಡೆಗೆ ತಿರುಗಿ ನೋಡಲಿಲ್ಲ. ಆ ಶನಿವಾರ ಅವಳು ಚೀಲಕ್ಕೆ ಪುಸ್ತಕ ತುಂಬಿಕೊಂಡು ಮೇಜು ಹುಡುಕಲು ಹೊರಟಳು.

ಮಂದಿರದವರು ನೌಷಾದನ ಮನೆ ತೋರಿಸಿದರು. ನೌಷಾದನಿಗೆ ಶಾರ್ಜಾದಲ್ಲಿ ಅಂಗಡಿ. ಮಗಳ ಮದುವೆಗೆಂದು ರಜೆಯಲ್ಲಿ ಬಂದಿದ್ದ. ಮರುದಿನ ಮದರಂಗಿ. ಅಂಗಳದಲ್ಲಿ ಚಪ್ಪರ ಎದ್ದಿತ್ತು, ಅದರ ಕೆಳಗೆ ಮೇಜು. ಹೆಂಗಸರು ಅದರ ಮೇಲೆ ನೀರುಳ್ಳಿ ರಾಶಿ ಹಾಕಿ ಹೆಚ್ಚುತ್ತಿದ್ದರು.

ಪ್ರೀತಿಕಾ ಒಂದು ಕುರ್ಚಿ ಎಳೆದಳು. ತನ್ನ ಕಿಟಕಿ ಬದಿಯ ಮೂಲೆ ಯಾವುದೆಂದು ಶಾಯಿಯ ಕಲೆ ನೋಡಿ ಗುರುತಿಸಿದಳು. ನೀರುಳ್ಳಿಯನ್ನು ಆಚೆ ತಳ್ಳಿ, ಪುಸ್ತಕ ಬಿಡಿಸಿ ಕೂತಳು.

ನೀರುಳ್ಳಿ ಹೆಚ್ಚುವುದು ನಿಂತಿತು. ನೌಷಾದ್ ಬಂದ.

"ಎಂತ ಇದು?"

"ಲೈಬ್ರರಿ," ಎಂದಳು.

"ಇದು ನನ್ನ ಮನೆ."

"ಮನೆ ನಿಮ್ಮದೇ. ನಾನು ಕೂತದ್ದು ಮೇಜಿನ ಹತ್ರ. ನಂಗೆ ಪರೀಕ್ಷೆ ಉಂಟು. ಮೇಜು ಹೋದಲ್ಲಿಗೆ ನಾನೂ ಹೋಗುದು."

"ನಾಳೆ ನೂರಾರು ಜನ ಬರ್ತಾರೆ!"

"ಬರ್ಲಿ. ನಂಗೆ ಗಲಾಟೆ ಅಭ್ಯಾಸ ಉಂಟು. ನಮ್ಮ ಮನೆಯಲ್ಲಿ ಟಿವಿ ಬಂದ್ ಆಗುದೇ ಇಲ್ಲ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ನೌಷಾದನ ತಾಯಿ ಕುಂಞಿಪಾತುಮ್ಮ ಚಾವಡಿಯಿಂದ ಇಳಿದು ಬಂದು ಪುಸ್ತಕ ನೋಡಿದರು, ಹುಡುಗಿಯ ಕಣ್ಣು ನೋಡಿದರು. ನೀರುಳ್ಳಿಯ ಘಾಟಿಗೆ ಕಣ್ಣಿಂದ ಧಾರೆಯಾಗಿ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳದೆ ಪುಟ ತಿರುಗಿಸುತ್ತಿದ್ದಳು.

"ಇವಳು ಏಳುವ ಜಾತಿ ಅಲ್ಲ," ಎಂದರು ಕುಂಞಿಪಾತುಮ್ಮ ಮಗನಿಗೆ. "ನಿನಗೆ ಮೇಜು ತರ್ಲಿಕ್ಕೆ ಪುತ್ತೂರಲ್ಲಿ ಅಂಗಡಿ ಇಲ್ವಾ? ಶಾರ್ಜಾದಿಂದ ಬಂದು ಲೈಬ್ರರಿಯ ಮೇಜಲ್ಲಿ ಬಡಿಸ್ತೀಯಾ?" ಆಮೇಲೆ ಪ್ರೀತಿಕಾಳನ್ನು ಮಗಳೇ ಎನ್ನುವ ಹಾಗೆ ಕರೆದು, "ಮೋಳೆ, ಮೇಜು ಈಗ ಕಳಿಸ್ತೇನೆ. ನಾಳೆ ನೀನು ಪುಸ್ತಕ ಬಿಟ್ಟು ಬಾ. ಹೊಟ್ಟೆ ಮಾತ್ರ ತಗೊಂಡು ಬಾ."

ಸಂಜೆ ಗೂಡ್ಸ್ ಆಟೋದಲ್ಲಿ ಮೇಜು ಮರಳಿತು. ಎರಡು ಕುರ್ಚಿ ಕಡಿಮೆ ಇದ್ದವು. ಅವು ಯಾವ ಮನೆಯಲ್ಲಿ ಇಳಿದವೋ ಯಾರೂ ಒಪ್ಪಿಕೊಳ್ಳಲಿಲ್ಲ.

"ಇನ್ನು ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸಿ," ಎಂದಳು ಪ್ರೀತಿಕಾ. ಆದಂ ಕುಂಞಿಯ ಮುಖದಲ್ಲಿ ತಲೆಹೊರೆ ಇಳಿಸಿದವನ ನೆಮ್ಮದಿ ಕಂಡಿತು. ಇಲ್ಲ ಎನ್ನುವ ಕೆಲಸಕ್ಕೆ ಕೊನೆಗೂ ಜನ ಸಿಕ್ಕಿತ್ತು.

ಮೊದಲು ಕೇಳಿಕೊಂಡು ಮನೆಗೇ ಬಂದವರು ಮಹಾಬಲ, ಪಂಕಜಾಕ್ಷಿಯ ಅಣ್ಣ, ಪ್ರೀತಿಕಾಳ ಸ್ವಂತ ಮಾವ. ನರಿಮೊಗರಿನಲ್ಲಿ ಹೊಸ ಮನೆ ಕಟ್ಟಿಸಿದ್ದರು, ಗೃಹಪ್ರವೇಶವಷ್ಟೇ ಬಾಕಿ. ಪರೀಕ್ಷೆಯ ದಿನ ಅವಳನ್ನು ಕಾರಿನಲ್ಲಿ ಮಂಗಳೂರಿಗೆ ಮುಟ್ಟಿಸುತ್ತೇನೆ ಎಂದವರೂ ಅವರೇ.

"ಗುರುವಾರ ಮನೆ ಒಕ್ಕಲು. ಮೇಜಿಗೆ ಬುಧವಾರ ಆಟೋ ಕಳಿಸ್ತೇನೆ ಮಗಾ."

"ಕೊಡ್ಲಿಕ್ಕೆ ಆಗುದಿಲ್ಲ ಮಾವ."

ಮಾವ ನಕ್ಕರು. "ಯಾರಿಗೆ ಹೇಳುದು ನೀನು?"

"ಕೇಳಿದವರಿಗೆಲ್ಲ."

"ನೌಷಾದನ ಮನೆಗೆ ಹೋಗ್ಲಿಕ್ಕೆ ಆಗ್ತದೆ, ನನ್ನ ಮನೆಗೆ ಬರ್ಲಿಕ್ಕೆ ಆಗುದಿಲ್ವಾ ಆ ಮೇಜಿಗೆ?"

"ಅಲ್ಲಿಂದ ನಾನೇ ವಾಪಸ್ ತಂದದ್ದು. ಇವತ್ತು ನಿಮಗೆ ಕೊಟ್ಟರೆ ನಾಳೆ ಅವರಿಗೆ ಎಂತ ಹೇಳುದು?"

"ಒಂದು ದಿನ ಮಾರಾಯ್ತಿ!"

"ಒಂದು ದಿನಕ್ಕೆ ಅಂತ ಹೋದದ್ದು ವಿಷುವಿನ ಮೊದಲು, ಮಾವ."

ಮಾವ ಪಂಕಜಾಕ್ಷಿಯನ್ನು ನೋಡಿದರು. ಅವಳು ಟಿವಿಯ ಸದ್ದು ಸಣ್ಣ ಮಾಡಿದಳು. ಆ ಮನೆಯಲ್ಲಿ ಅದು ದೊಡ್ಡ ಸಂಗತಿ. "ಎಂತದು ನಿಂದು, ಮಾವ ಅಲ್ವಾ?" ಎಂದಳು. ಪ್ರೀತಿಕಾ ಚಾ ತಂದಿಟ್ಟಳು. ಮಾವ ಚಾ ಕುಡಿಯದೆ ಎದ್ದರು. ಗುರುವಾರ ಒಕ್ಕಲಿಗೆ ಪಂಕಜಾಕ್ಷಿ ಒಬ್ಬಳೇ ಹೋಗಿ, ಬೇಗ ಬಂದಳು.

ಮಾವನಿಗೆ ಇಲ್ಲ ಎಂದವಳು ಯಾರಿಗೂ ಹೌದು ಎನ್ನಲಾರಳು ಎಂದು ಊರಿಗೆ ಗೊತ್ತಾಯಿತು. ಆದರೂ ಅವಳು ಮುಂದಿನದನ್ನೂ ಯೋಚಿಸಿದಳು. ನಾಳೆ ತಾನು ಕೆಲಸಕ್ಕೆ ಹೋದರೆ ಉಳಿಯುವುದು ಆದಂ ಕುಂಞಿ ಮತ್ತು ಅವರಿಗೆ ಬೇಕಾದವರು. ಪಂಚಾಯತಿನಲ್ಲಿ ಕೇಳಿ ಒಪ್ಪಿಗೆ ಪಡೆದಳು. ನೌಷಾದನ ಅಂಗಳದಲ್ಲಿ ಉಳಿದಿದ್ದ ಸಿಮೆಂಟಿಗೆ ಕುಂಞಿಪಾತುಮ್ಮನೇ ಮೇಸ್ತ್ರಿಯನ್ನು ಸೇರಿಸಿ ಕಳಿಸಿದರು. ನೆಲ ಅಗೆದು ಮೇಜಿನ ನಾಲ್ಕೂ ಕಾಲು ಹೂತು ಕಾಂಕ್ರೀಟ್ ಹಾಕಿದರು.

ಒಣಗಿದ ಮೇಲೆ ಆದಂ ಕುಂಞಿ ಅಲ್ಲಾಡಿಸಿ ನೋಡಿದರು. "ಇನ್ನು ಈ ಮೇಜು ಬೇಕಾದ್ರೆ ಊಟ ಇಲ್ಲಿಗೇ ತರ್ಬೇಕು," ಎಂದರು.

ಮೇ ತಿಂಗಳೆಲ್ಲ ಪ್ರೀತಿಕಾ ತನ್ನ ಮೂಲೆಯಲ್ಲಿ ಓದಿದಳು. ಉಳಿದ ಮೂರು ಮೂಲೆಗಳಿಗೂ ಜನ ಬಂದರು. ಪರೀಕ್ಷೆಯ ದಿನ ಕಾರು ಬರಲಿಲ್ಲ. ಅವಳು ಕಾದಿರಲೂ ಇಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಬರೆದು ಬಂದಳು. ಈ ಬಾರಿ ಬಿಟ್ಟ ಪ್ರಶ್ನೆ ಇರಲಿಲ್ಲ. ಫಲಿತಾಂಶ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಬಂದಾಗ ಹೆಸರಿರುತ್ತದೆ ಎಂದು ಅವಳಿಗೆ ಗೊತ್ತು. ಮರುದಿನ ಮುಂದಿನ ಪರೀಕ್ಷೆಯ ಪುಸ್ತಕ ಹಿಡಿದು ಅದೇ ಮೂಲೆಯಲ್ಲಿ ಕೂತಳು.

ಒಟ್ಟು ಕಳೆದದ್ದು: ಮೇಜಿನ ಎತ್ತರದಲ್ಲಿ ನಾಲ್ಕು ಬೆರಳು, ಎರಡು ಕುರ್ಚಿ, ಒಬ್ಬ ಮಾವ.