ದ್ಯಾಮವ್ವನ ಸರಪಳಿಗೆ ಬಿದ್ದ ಬೀಗ

ನಾನು ಒಂದು ಹಿತ್ತಾಳೆಯ ಬೀಗ. ನಮ್ಮ ಕಡೆಯವರ ಬಾಯಲ್ಲಿ ಕೀಲಿ. ಒಬ್ಬ ಕಂಚುಗಾರನ ಕುಲುಮೆಯಲ್ಲಿ ಹುಟ್ಟಿದೆ. ಒಡೆದ ತಂಬಿಗೆ, ತೂತುಬಿದ್ದ ಗಂಗಾಳ, ಮುರಿದ ದೀಪದ ಕಂಬ ಎಲ್ಲ ಕರಗಿ ನಾನಾದೆ. ಕಂಚುಗಾರ ನನ್ನನ್ನು ಉಜ್ಜಿ, ಹಾಕಿ ತೆಗೆದು ನೋಡಿ, "ಹಟಮಾರಿ ಐತಿ ಇದು, ಬಾಳ ದಿನಾ ಬಾಳಿಕಿ ಬರತೈತಿ" ಎಂದ. ಬೀಗಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಉಂಟೆ? ಅಂದಿನಿಂದ ನನಗೆ ಸ್ವಲ್ಪ ಜಂಬ.

ಘಟಪ್ರಭೆಯ ದಂಡೆಯ ಊರೊಂದರ ಸನಾದಿಯವರು ನನ್ನನ್ನು ಸಂತೆಯಲ್ಲಿ ಕೊಂಡರು. ಸನಾದಿ ಎಂದರೆ ಮದುವೆಗಳಲ್ಲಿ ಊದುವ ವಾದ್ಯ. ಅದನ್ನಿಡುವ ಸಂದೂಕಕ್ಕೆ ನಾನು ಕಾವಲು. ನನ್ನನ್ನು ಕೊಂಡ ತಂದೆಯ ನಂತರ ಸನಾದಿಯೂ ಸಂದೂಕವೂ ಮಗ ಯಮನಪ್ಪ ಭಜಂತ್ರಿಯ ಪಾಲಿಗೆ ಬಂದವು. ಯಮನಪ್ಪ ಊದಿದರೆ ಊಟಕ್ಕೆ ಕೂತ ಬೀಗರೂ ಕೈ ತಡೆದು ಕೇಳುತ್ತಿದ್ದರಂತೆ. ಮದುವೆಯಿಂದ ಬಂದ ಮೇಲೆ ಅವನ ಹೆಂಡತಿ ಸತ್ಯವ್ವ ಸನಾದಿಯನ್ನು ಒರೆಸಿ, ಹಳೆಯ ಧೋತರದಲ್ಲಿ ಸುತ್ತಿ ಒಳಗಿಟ್ಟು, ನನ್ನನ್ನು ಹಾಕುತ್ತಿದ್ದಳು. ಸುಖದ ಚಾಕರಿ ಅದು.

ಒಂದು ಮುಂಜಾನೆ ಯಮನಪ್ಪ ಬಾಯಿ ಮುಕ್ಕಳಿಸಲು ಹೋದ. ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಮುಖದ ಅರ್ಧ ಭಾಗ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚಲೊಲ್ಲದು, ತುಟಿ ಏಳಲೊಲ್ಲದು. ಡಾಕ್ಟರು ನೋಡಿ ಗುಳಿಗೆ ಕೊಟ್ಟು, "ನರ ಸೋತೈತಿ. ಹೊಳ್ಳಿ ಬರತೈತಿ, ಆದ್ರ ಯಾವಾಗಂತ ನನಗ ಹೇಳಾಕ ಆಗೂದಿಲ್ಲ" ಎಂದರು. ಆ 'ಯಾವಾಗ' ಎಂಬುದೇ ಆ ಮನೆಯನ್ನು ತಿಂದುಹಾಕಿತು. ಊದಲು ತುಟಿಯೇ ಇಲ್ಲದ ಮೇಲೆ ಸನಾದಿಯವನು ಎಲ್ಲಿಯ ಸನಾದಿಯವನು? ಯಮನಪ್ಪ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಒಳಮನೆ ಸೇರಿದ. ಸಂದೂಕದ ಕಡೆ ತಿರುಗಿಯೂ ನೋಡಲಿಲ್ಲ.

ಆ ಊರಾಚೆ ಸರಪಳಿ ದ್ಯಾಮವ್ವನ ಗುಡಿ ಇದೆ. ಗೋಡೆಯುದ್ದಕ್ಕೂ ಒಂದು ಕಬ್ಬಿಣದ ಸರಪಳಿ. ಏನಾದರೂ ಬೇಡುವವರು ಅದಕ್ಕೊಂದು ಬೀಗ ಹಾಕಿ, ಕೀಲಿಕೈ ಮನೆಗೆ ಒಯ್ಯುತ್ತಾರೆ. ಕೇಳಿದ್ದು ಕೈಗೂಡಿದ ಮೇಲೆ ಬಂದು ತೆಗೆಯಬೇಕು. ಹೊಸ ಬೀಗ ನಡೆಯದು, ಮನೆ ಕಾದ ಬೀಗವೇ ಆಗಬೇಕು. ಏನು ಕೇಳಿದೆ ಎಂದು ತೆಗೆಯುವ ತನಕ ಯಾರಿಗೂ ಹೇಳಬಾರದು. ಬೀಗ ಅಲ್ಲಿರುವಾಗ ಬೇರೆ ದೇವರಿಗೆ ಹರಕೆ ಹೊರಬಾರದು. ಬೀಗ ಸರಪಳಿ ಬಿಟ್ಟು ನೆಲಕ್ಕೆ ಬಿದ್ದರಂತೂ ಮುಗಿಯಿತು, ಆ ಬೇಡಿಕೆಯನ್ನು ಮತ್ತೆ ಹಿಡಿದುಕೊಂಡು ಬರುವಂತಿಲ್ಲ. ದ್ಯಾಮವ್ವ ಬಹಳ ಕಟ್ಟುನಿಟ್ಟಿನ ಹೆಂಗಸು.

ಒಂದು ಮಂಗಳವಾರ ಸತ್ಯವ್ವ ಸಂದೂಕದಿಂದ ನನ್ನನ್ನು ಬಿಚ್ಚಿ, ಸೆರಗಿನಲ್ಲಿ ಮುಚ್ಚಿಕೊಂಡು ಗುಡಿಗೆ ಬಂದಳು. ಖಾಲಿ ಇದ್ದ ಕೊನೆಯ ಕೊಂಡಿಯೇ ನನ್ನ ಪಾಲಿಗೆ ಸಿಕ್ಕಿತು. "ಅವರ ಬಾಯಿ ಅವರಿಗೆ ಕೊಡವ್ವಾ" ಎಂದಳು, ಅಷ್ಟೇ. ನನ್ನನ್ನು ಒತ್ತಿ ಹಾಕಿದ ಕೈ ತಣ್ಣಗಿತ್ತು. ನನಗೆ ಮೊದಲ ಸಲ ಭಯವಾಯಿತು. ಸಂದೂಕ ಕಾಯುವುದು ಬೇರೆ, ಒಬ್ಬಳ ಆಸೆ ಕಾಯುವುದು ಬೇರೆ.

ಸರಪಳಿಯ ಮೇಲಿನ ಬದುಕು ನಾನೆಣಿಸಿದಂತೆ ಇರಲಿಲ್ಲ. ಅಕ್ಕಪಕ್ಕದ ಬೀಗಗಳಲ್ಲಿ ಒಬ್ಬೊಬ್ಬರದು ಒಂದೊಂದು ಗೋಳು. ನನ್ನ ನಂತರ, ಖಾಲಿಯಾದ ಕೊಂಡಿಗಳಿಗೆ ಬಂದವರು ನನಗಿಂತ ಮೊದಲೇ ಬಿಚ್ಚಿಸಿಕೊಂಡು ಹೋಗುತ್ತಿದ್ದರು. ಆಗ ನನಗೆ ಮೈಯೆಲ್ಲ ಉರಿ. ಇಲ್ಲಿ ಪಾಳಿ ಎಂಬುದೇ ಇಲ್ಲವೇ ಎಂದು ದ್ಯಾಮವ್ವನ ಕಡೆ ನೋಡಿದರೆ, ಆಕೆ ತನ್ನ ಬೆಳ್ಳಿಯ ಕಣ್ಣು ಅರಳಿಸಿಕೊಂಡು ಎಲ್ಲೋ ನೋಡುತ್ತಿದ್ದಳು.

ನನ್ನ ಮೈ ಹಸಿರುಗಟ್ಟಿತು. ಈ ನಡುವೆ ಒಬ್ಬ ದಪ್ಪ ಮನುಷ್ಯ ಬಂದು ಸರಪಳಿಯಲ್ಲಿ ಜಾಗ ಹುಡುಕಿ, ಸಿಗದೆ, ತನ್ನ ಕಬ್ಬಿಣದ ಬೀಗವನ್ನು ಸರಪಳಿಗಲ್ಲ, ನನ್ನ ಬಾಗಿದ ಕಂಬಿಗೇ ಸಿಕ್ಕಿಸಿ ಹೋದ. ಮೈಯೆಲ್ಲ ಹಿಟ್ಟು. ಗಿರಣಿಯವನಿರಬೇಕು. ಕೇಳದೆ ಹೇಳದೆ ಹೆಗಲೇರಿದ ಆ ಬೀಗದ ಭಾರಕ್ಕೆ ನಾನು ಮನಸಾರೆ ಶಾಪ ಹಾಕಿದೆ.

ಕೆಲವು ದಿನಗಳ ಮೇಲೆ ಸತ್ಯವ್ವ ಬಂದಳು. ಕೈಯಲ್ಲಿ ಕೀಲಿಕೈ ಇತ್ತು. ಗೆದ್ದು ಬಂದವಳ ಮುಖ ಅದಾಗಿರಲಿಲ್ಲ.

"ಯಾಕವ್ವಾ, ಕೆಲಸ ಆತೇನು?" ಎಂದ ಪೂಜಾರಿ.

"ಇಲ್ಲೋ ಯಪ್ಪಾ. ನನಗ ಸಾಕಾತು. ಈಕಿ ಕಿವಿ ಮ್ಯಾಲ ಹಾಕ್ಕೊಳ್ಳವಲ್ಲಳು. ಬ್ಯಾರೆ ದೇವರಿಗೆ ಬೇಡಿಕೋತೀನಿ."

"ನಿನ್ನ ಕೀಲಿ, ನಿನ್ನ ಮನಸ್ಸು" ಎಂದು ಅವನು ಹಣತೆ ಒರೆಸತೊಡಗಿದ.

ಅವಳು ನನ್ನನ್ನು ಹಿಡಿದೆತ್ತಿದಳು. ಕೀಲಿಕೈ ಒಳಗೆ ಹೋಯಿತು. ಆಗ ಕೆಳಗೆ ತೂಗುತ್ತಿದ್ದ ಕಬ್ಬಿಣದ ಬೀಗ ಅವಳ ಕೈಗೆ ತಾಗಿತು.

"ಇದ್ಯಾರದು?"

"ಗಿರಣಿ ಸಂಗನಬಸುಂದು. ಜಾಗ ಸಿಗಲಿಲ್ಲಂತ ನಿಂದಕ್ಕ ಹಾಕ್ಯಾನ. ನೀ ತಗದ್ರ ಅವಂದೂ ಸರಪಳಿ ಬಿಡತೈತಿ."

ಸತ್ಯವ್ವ ಆ ಬೀಗವನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಯಾವ ದುಃಖ ಹೊತ್ತು ಬಂದಿದ್ದನೋ ಆ ಸಂಗನಬಸು, ಅವಳಿಗೇನು ಗೊತ್ತು? ಹಾಕುವಾಗ ಅವನ ಕೈಯೂ ತಣ್ಣಗಿತ್ತೋ ಏನೋ. ಅವಳು ಕೀಲಿಕೈ ತಿರುಗಿಸಲಿಲ್ಲ. ಹೊರಗೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೊದಲ ಅವಂದರ ಮುಗಸು" ಎಂದು ದ್ಯಾಮವ್ವನನ್ನು ಗದರಿಸಿದಂತೆ ಹೇಳಿ ಹೋದಳು. ನಾನು ಶಾಪ ಹಾಕಿದ ಭಾರವೇ ನನ್ನನ್ನು ಅಲ್ಲಿ ಉಳಿಸಿತು ನೋಡಿ.

ಮುಂದೆ ಪ್ರತಿ ಮಂಗಳವಾರ ಬಂದು ಅವಳು ಎರಡು ಬತ್ತಿ ಹಚ್ಚುತ್ತಿದ್ದಳು. ಒಂದು ತನ್ನದು, ಇನ್ನೊಂದು ಕಂಡರಿಯದ ಗಿರಣಿಯವನದು. ಅವನಿಗಾಗಿ ಬೇಡುವಾಗ ಅವಳ ದನಿಯಲ್ಲಿ ಅವಸರವಿರುತ್ತಿರಲಿಲ್ಲ. ಬರಬರುತ್ತ ತನ್ನದಕ್ಕೂ ಅದೇ ದನಿ ಬಂತು. ಒಂದು ವಾರ, "ಬಾಯಿ ಮುಕ್ಕಳಿಸಿದ್ರ ಗಲ್ಲದಾಗ ನೀರು ನಿಂತಾವು, ಅವ್ವಾ" ಎಂದಳು. ಮತ್ತೊಂದು ವಾರ, ಕಣ್ಣು ಮುಚ್ಚುತ್ತದೆ ಎಂದಳು. ಆದರೆ ಯಮನಪ್ಪ ಸನಾದಿ ಮುಟ್ಟಲೊಲ್ಲ. ಊದಿ, ಬರದೇ ಹೋದರೆ? ಆ ಹೆದರಿಕೆ ಅವನಿಗೆ ಕಾಯಿಲೆಗಿಂತ ದೊಡ್ಡದಾಗಿತ್ತು.

ಹೀಗೊಂದು ಮಂಗಳವಾರ ಸಂಗನಬಸು ಕುಣಿಯುತ್ತ ಬಂದ. ವಯಸ್ಸು ಮೀರುತ್ತ ಬಂದರೂ ಹೆಣ್ಣು ಸಿಗದಿದ್ದವನಿಗೆ ಮದುವೆ ಗಟ್ಟಿಯಾಗಿತ್ತು! ತನ್ನ ಬೀಗ ತೆಗೆದು, ಪಕ್ಕದಲ್ಲಿ ಬತ್ತಿ ಹಚ್ಚುತ್ತಿದ್ದ ಸತ್ಯವ್ವನನ್ನು ನೋಡಿ, "ಯಕ್ಕಾ, ಈ ಹಿತ್ತಾಳಿ ಕೀಲಿ ಯಾರದು ಗೊತ್ತೈತೇನು? ಅವರಿಗೆ ಲಗ್ನದ ಊಟಕ್ಕ ಹೇಳಬೇಕು" ಎಂದ.

"ನಂದ."

ಅವನು ಕೈಮುಗಿದ. "ತಪ್ಪದ ಬರಬೇಕು. ಲಗ್ನ ಇಲ್ಲೇ, ಅವ್ವನ ಅಂಗಳದಾಗ. ಸನಾದಿಯವರೊಬ್ಬರು ಸಿಗವಲ್ರು. ಬ್ಯಾಂಡ್ ತರಸು ಅಂತಾರ. ನನ್ನ ಮನಸ್ಸು ಒಪ್ಪವಲ್ದು."

ಸತ್ಯವ್ವ ಬತ್ತಿ ಹಚ್ಚುವುದನ್ನು ಬಿಟ್ಟು ಅವನ ಕಡೆ ತಿರುಗಿದಳು. "ನಮ್ಮನಿಯವರು ಊದತಿದ್ರು. ಈಗ ಊದತಾರೋ ಇಲ್ಲೋ ನಾ ಹೇಳಲಾರೆ. ನೀನ ಬಂದು ಕೇಳು."

ಅವನು ಅವರ ಮನೆಗೆ ಹೋದಾಗ ಅಲ್ಲಿ ಏನು ನಡೆಯಿತೋ ನಾನು ಕಾಣೆ. ಮದುವೆಯ ದಿನ ಯಮನಪ್ಪ ಅಂಗಳಕ್ಕೆ ಬಂದ. ಟವೆಲ್ಲು ಹೆಗಲ ಮೇಲಿತ್ತು, ಮುಖದ ಮೇಲಲ್ಲ. ಸನಾದಿ ಬಾಯಿಗಿಟ್ಟ. ಬುಸ್ ಎಂದು ಗಾಳಿ ಎಡಗಡೆಯಿಂದ ಸೋರಿತು. ಯಾರೋ ಕಿಸಕ್ಕೆಂದರು. ಸತ್ಯವ್ವ ಬಂದು ಗುಡಿಯ ಗೋಡೆಗೆ ಒರಗಿ, ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವನು ತುಟಿ ಒರೆಸಿಕೊಂಡು ಮತ್ತೆ ಊದಿದ. ಸ್ವರ ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ಈ ಸಲ ಬೀಳಲಿಲ್ಲ. ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅಂಗಳವೆಲ್ಲ ಸನಾದಿಯಾಗಿತ್ತು. ಸತ್ಯವ್ವ ಅತ್ತಳು. ಅಷ್ಟು ಕಾಲ ನಾನು ಹಿಡಿದುಕೊಂಡಿದ್ದುದೆಲ್ಲ ಸಡಿಲಾಯಿತು. ಬೀಗಕ್ಕೆ ಉಸಿರಿದ್ದರೆ ಅಂದು ನಿಟ್ಟುಸಿರು ಬಿಡುತ್ತಿತ್ತು.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಕೊಬ್ಬರಿ ಎಣ್ಣೆ ಬಿಟ್ಟು, ಕೀಲಿಕೈ ಅಲ್ಲಾಡಿಸಿ, ನನ್ನನ್ನು ತೆಗೆದರು. ಹರಕೆಯಿಂದ ಬಿಟ್ಟ ಬೀಗವನ್ನು ಮತ್ತೆ ಯಾವುದಕ್ಕೂ ಹಾಕುವಂತಿಲ್ಲ. ಈಗ ನಾನು ಅವರ ದೇವರಕೋಣೆಯ ಜಗಲಿಯ ಮೇಲೆ ದೇವರ ಪಕ್ಕ ಬಾಯಿ ತೆರೆದುಕೊಂಡು ಕೂತಿದ್ದೇನೆ. ಮೈಯ ಹಸಿರು ಹೋಗಿಲ್ಲ, ಕೀಲುಗಳು ಹಿಡಿದಿವೆ. ಪಾಳಿಯ ಲೆಕ್ಕ ಹಾಕುವ ನನ್ನ ಚಾಳಿ ಮಾತ್ರ ಹೋಗಿದೆ. ದ್ಯಾಮವ್ವ ತಡಮಾಡಿದಳು ಎಂದು ಈಗ ಅನ್ನಲಾರೆ. ಆಕೆಗೆ ಒಂದೇ ಮನೆಯಲ್ಲ, ಊರೆಲ್ಲ ಇದೆ.

ಅಂದು ಗುಡಿಯಿಂದ ಮನೆಗೆ ಬರುವ ದಾರಿಯಲ್ಲಿ ಯಮನಪ್ಪ ಕೇಳಿದ್ದ, "ಇಷ್ಟು ದಿನಾ ಒಮ್ಮೆರ ಮನಸ್ಸು ಸೋಲಲಿಲ್ಲೇನ ನಿಂದು?"

"ಸೋತಿತ್ತು. ಒಂದಿನಾ ತಗದಬಿಡಾಕ ಹೋಗಿದ್ದೆ."

"ಮತ್ತ ಯಾಕ ತಗೀಲಿಲ್ಲ?"

"ಗಿರಣಿಯವನೊಬ್ಬ ಜೋತು ಬಿದ್ದಿದ್ದ. ಅವನ್ನ ಹ್ಯಾಂಗ ಕೆಳಗ ಕೆಡವಲಿ?"

ಯಮನಪ್ಪ ನಡೆಯುತ್ತಿದ್ದವನು ನಿಂತ. ಆಮೇಲೆ ನಕ್ಕ. ತುಟಿಯ ಎರಡೂ ತುದಿ ಮೇಲೆದ್ದವು, ಎಡಗಡೆಯದು ಒಂಚೂರು ತಡವಾಗಿ.